‘ನೀರು ಒಗ್ಗಲಿಲ್ಲ’ ಎಂಬ ಮಾತಿನ ಹಿಂದೆ: ಪರದೇಶದಲ್ಲಿ ಹೊಟ್ಟೆ ಕೆಡುವುದೇಕೆ?

ಅಡಿಕೆ ಕೊಯ್ಲು ಮುಗಿದು, ರಾಶಿ ಅಡಿಕೆ ಶಿವಮೊಗ್ಗದ ಮಂಡಿ ಸೇರಿ, ಸೊಸೈಟಿಯ ಸಾಲ ತೀರಿಸಿದ ಮೇಲೂ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಮಲೆನಾಡಿನವರು ಮಾರ್ಚ್–ಏಪ್ರಿಲ್ ಹೊತ್ತಿಗೆ ಪ್ರವಾಸ ಹೊರಡುತ್ತಾರೆ. ಹಿಂದಿನವರಿಗೆ ಕಾಶಿ, ರಾಮೇಶ್ವರ ಆದರೆ ಅದೇ ದೊಡ್ಡ ಯಾತ್ರೆಯಾಗಿತ್ತು. ಈಗ ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆಯಿಂದ ನೇಪಾಳಕ್ಕೆ, ಥಾಯ್ಲೆಂಡಿಗೆ, ಬಾಲಿಗೆ, ವಿಯೆಟ್ನಾಮಿಗೆ ತಂಡ ಕಟ್ಟಿಕೊಂಡು ಹೋಗುವವರಿದ್ದಾರೆ. ಹಜ್, ಉಮ್ರಾ ಯಾತ್ರೆಗೆ ಹೊರಡುವವರಿದ್ದಾರೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕದಲ್ಲಿದ್ದು ಬರುವ ತಾಯಂದಿರೂ ಇದ್ದಾರೆ. ಹೋಗಿ ಬಂದವರನ್ನು ಮಾತಾಡಿಸಿದರೆ ಅರ್ಧಕ್ಕರ್ಧ ಜನ ಹೇಳುವುದು ಒಂದೇ: ‘ಎಲ್ಲಾ ಚೆನ್ನಾಗಿತ್ತು, ನೀರು ಮಾತ್ರ ಒಗ್ಗಲಿಲ್ಲ.’

ಈ ಮಾತು ಕೇಳುವುದಕ್ಕೆ ನಿರುಪದ್ರವಿಯಾಗಿದೆ. ಆದರೆ ವಾಂತಿ-ಭೇದಿಯ ನಿಜವಾದ ಕಾರಣವನ್ನು ಹುಡುಕದಂತೆ ನಮ್ಮನ್ನು ತಡೆಯುವುದೂ ಇದೇ ಮಾತು. ನೀರು ಒಗ್ಗಲಿಲ್ಲ ಎಂದುಬಿಟ್ಟರೆ ದೋಷ ಆ ದೇಶದ ನೀರಿಗೆ ಇಲ್ಲವೇ ನಮ್ಮ ಹೊಟ್ಟೆಗೆ ಹೋಗುತ್ತದೆ; ಯಾರು ಅಡಿಗೆ ಮಾಡಿದರು, ಅದು ಎಷ್ಟು ಹೊತ್ತು ಮುಚ್ಚಿಟ್ಟ ಪಾತ್ರೆಯಲ್ಲಿತ್ತು, ನಾವು ಬೆಳಿಗ್ಗೆ ಯಾವ ಮಾತ್ರೆ ನುಂಗಿದ್ದೆವು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಅಪಾಯದ ಹೆಚ್ಚು ಪಾಲು ಅಡಗಿರುವುದು ಈ ಪ್ರಶ್ನೆಗಳಲ್ಲಿ.

ವೈದ್ಯರು ‘ಪ್ರಯಾಣಿಕರ ಭೇದಿ’ ಎಂದು ಕರೆಯುವ ಈ ಕಾಯಿಲೆ ಪ್ರವಾಸಿಗಳಿಗೆ ಬರುವ ಕಾಯಿಲೆಗಳಲ್ಲೇ ಅತಿ ಸಾಮಾನ್ಯವಾದದ್ದು. ಹೋದ ದೇಶ ಮತ್ತು ಋತುವನ್ನು ಅವಲಂಬಿಸಿ, ಎರಡು ವಾರದ ಪ್ರವಾಸದಲ್ಲಿ ನೂರಕ್ಕೆ 30ರಿಂದ 70 ಜನರಿಗೆ ಇದು ತಗಲುತ್ತದೆ ಎಂಬ ಅಂದಾಜಿದೆ. ಈ ಲೆಕ್ಕ ಮುಖ್ಯವಾಗಿ ಶ್ರೀಮಂತ ದೇಶಗಳಿಂದ ಹೊರಟವರದು ಎಂಬುದನ್ನು ನೆನಪಿಡಬೇಕು. ಇದರಲ್ಲಿ ಶೇ. 80ರಿಂದ 90ರಷ್ಟು ಪ್ರಕರಣಗಳಿಗೆ ಬ್ಯಾಕ್ಟೀರಿಯಾ ಕಾರಣ. ವಿಷ ಸ್ರವಿಸುವ ಇ. ಕೋಲೈ ತಳಿ ಎಲ್ಲಕ್ಕಿಂತ ಮುಂದಿದೆ. ಆಗ್ನೇಯ ಏಷ್ಯಾದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಹೆಚ್ಚು. ಶಿಗೆಲ್ಲಾ, ಸಾಲ್ಮೊನೆಲ್ಲಾ ಅಲ್ಲಲ್ಲಿ ಇವೆ. ಹಡಗು ಪ್ರವಾಸದಂಥ ಇಕ್ಕಟ್ಟಿನ ಜಾಗಗಳಲ್ಲಿ ನೊರೊವೈರಸ್ ಹಬ್ಬುತ್ತದೆ. ಇವೆಲ್ಲಕ್ಕೂ ದಾರಿ ಒಂದೇ: ಮನುಷ್ಯರ ಇಲ್ಲವೇ ಪ್ರಾಣಿಗಳ ಮಲದಲ್ಲಿರುವ ರೋಗಾಣು ಕೈ, ನೀರು, ನೊಣ ಅಥವಾ ಆಹಾರದ ಮೂಲಕ ನಮ್ಮ ಬಾಯಿ ಸೇರುವುದು. ಹವೆಯ ಬದಲಾವಣೆಯಿಂದಾಗಲೀ ನೀರಿನ ರುಚಿ ಬೇರೆಯಾದದ್ದರಿಂದಾಗಲೀ ಭೇದಿ ಹತ್ತುವುದಿಲ್ಲ.

ಹಾಗಾದರೆ ‘ಒಗ್ಗುವುದು’ ಎಂಬುದೇ ಸುಳ್ಳೇ? ಪೂರ್ತಿ ಸುಳ್ಳಲ್ಲ. ಒಂದು ಪ್ರದೇಶದ ಇ. ಕೋಲೈ ತಳಿಗಳನ್ನು ಬಾಲ್ಯದಿಂದಲೂ ಎದುರಿಸುತ್ತ ಬಂದ ಕರುಳಿಗೆ ಅವುಗಳ ವಿರುದ್ಧ ಒಂದು ಮಟ್ಟದ ರಕ್ಷಣೆ ಬೆಳೆದಿರುತ್ತದೆ. ಮೆಕ್ಸಿಕೊಕ್ಕೆ ಓದಲು ಬಂದ ವಿದ್ಯಾರ್ಥಿಗಳಲ್ಲಿ ಅಮೆರಿಕದಿಂದ ಹೊಸದಾಗಿ ಬಂದವರಿಗಿಂತ ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದವರಿಗೆ ಭೇದಿ ಕಡಿಮೆ ಎಂದು ದಶಕಗಳ ಹಿಂದೆಯೇ ಕಂಡುಕೊಳ್ಳಲಾಗಿತ್ತು. ‘ನಮ್ಮದು ಗಟ್ಟಿ ಹೊಟ್ಟೆ’ ಎಂಬ ಮಾತಿನಲ್ಲಿ ಇಷ್ಟರಮಟ್ಟಿಗೆ ಹುರುಳಿದೆ. ಆದರೆ ಈ ರಕ್ಷಣೆಗೆ ಮೂರು ಮಿತಿಗಳಿವೆ. ಅದು ನಮಗೆ ಪರಿಚಯವಿರುವ ತಳಿಗಳಿಗೆ ಮಾತ್ರ ಅನ್ವಯಿಸುತ್ತದೆ. ನೊರೊವೈರಸ್, ಶಿಗೆಲ್ಲಾ, ಪರಾವಲಂಬಿ ಜೀವಿಗಳ ಮುಂದೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಮತ್ತು ಎದುರಿಸುವ ಅಭ್ಯಾಸ ತಪ್ಪಿದರೆ ಅದು ಕ್ರಮೇಣ ಕಳೆದುಹೋಗುತ್ತದೆ. ಇಪ್ಪತ್ತು ವರ್ಷದಿಂದ ಬಾವಿಯ ನೀರನ್ನು ಕುದಿಸಿಯೇ ಕುಡಿಯುತ್ತಿರುವ, ಫಿಲ್ಟರ್ ಹಾಕಿಸಿಕೊಂಡಿರುವ ಇಂದಿನ ಮನೆಗಳವರು ತಮ್ಮ ಅಜ್ಜಂದಿರ ಹೊಟ್ಟೆಯ ಗಟ್ಟಿತನವನ್ನು ತಮ್ಮದೆಂದು ನಂಬಿ ಹೊರಡುವುದು ಅಪಾಯ.

ಇಲ್ಲೊಂದು ಪ್ರಸಂಗವನ್ನು ವಿವರವಾಗಿ ಹೇಳಬೇಕು. ಕೆಲವು ವರ್ಷದ ಕೆಳಗೆ ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆಯ ಮೂವತ್ತೆಂಟು ಜನ ನೇಪಾಳ ಯಾತ್ರೆಗೆ ಹೋಗಿದ್ದೆವು. ಜೊತೆಯಲ್ಲಿ ಇಬ್ಬರು ಅಡಿಗೆಯವರು, ಗ್ಯಾಸ್ ಒಲೆ, ಅಕ್ಕಿಮೂಟೆ, ಉಪ್ಪಿನಕಾಯಿ ಭರಣಿ ಎಲ್ಲವೂ ಇದ್ದವು. ಹೊರಗಿನ ಊಟವೇ ಬೇಡ, ಹೊಟ್ಟೆ ಕೆಡುವ ಪ್ರಶ್ನೆಯೇ ಇಲ್ಲ ಎಂಬುದು ನಮ್ಮೆಲ್ಲರ ಧೈರ್ಯ. ಕಠ್ಮಂಡುವಿನಿಂದ ಪೋಖರಾಕ್ಕೆ ಹೊರಡುವ ದಿನ ಅಡಿಗೆಯವರು ಬೆಳಗಿನ ಜಾವ ಮೂರಕ್ಕೇ ಎದ್ದು ಅನ್ನ ಮಾಡಿ, ಚಿತ್ರಾನ್ನ ಕಲಸಿ, ಬಿಸಿ ಆರದಿರಲಿ ಎಂಬ ಕಾಳಜಿಯಿಂದ ದೊಡ್ಡ ಸ್ಟೀಲ್ ಡಬರಿಗೆ ಒತ್ತಿ ತುಂಬಿ, ಬಾಳೆಲೆ ಮುಚ್ಚಿ, ಮೇಲೆ ಮುಚ್ಚಳ ಬಿಗಿದು ಬಸ್ಸಿನಲ್ಲಿಟ್ಟರು. ರಸ್ತೆಯಲ್ಲಿ ತಡವಾಗಿ, ಮುಗ್ಲಿಂಗ್ ದಾಟಿ ಊಟಕ್ಕೆ ನಿಲ್ಲಿಸಿದಾಗ ಮಧ್ಯಾಹ್ನ ಒಂದೂವರೆ. ಮುಚ್ಚಳ ತೆಗೆದರೆ ಅಂಚಿನ ಅನ್ನ ತಣ್ಣಗಾಗಿತ್ತು. ಕೈ ಹಾಕಿದರೆ ನಡುವಿನದು ಇನ್ನೂ ಬೆಚ್ಚಗಿತ್ತು, ಸ್ವಲ್ಪ ಅಂಟಂಟಾಗಿತ್ತು. ವಾಸನೆಯೇನೂ ಇರಲಿಲ್ಲ. ಸಂಜೆ ಪೋಖರಾ ಮುಟ್ಟುವ ಮೊದಲೇ ಹನ್ನೊಂದು ಜನರಿಗೆ ವಾಂತಿ ಶುರುವಾಯಿತು. ‘ನೇಪಾಳದ ನೀರು’ ಎಂದು ಎಲ್ಲರೂ ತೀರ್ಪು ಕೊಟ್ಟರು.

ನೀರನ್ನು ಕುಡಿದವರು ಮೂವತ್ತೆಂಟು ಜನರೂ ಹೌದು. ಒಂದೇ ಕಡೆ ಕೊಂಡ ಬಾಟಲಿಗಳು ಅವು. ಅಂದು ಏಕಾದಶಿಯಾದ್ದರಿಂದ ನಾಲ್ವರು ಹಿರಿಯರು ಅನ್ನ ಮುಟ್ಟದೆ ಬಾಳೆಹಣ್ಣು ತಿಂದು, ಊರಿಂದ ತಂದಿದ್ದ ಒಣ ಅವಲಕ್ಕಿಯನ್ನು ಬೆಲ್ಲದ ಜೊತೆ ಮೆದ್ದಿದ್ದರು. ಆ ನಾಲ್ವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ನಾಲ್ಕು ಜನರ ಸಾಕ್ಷ್ಯದಿಂದ ಏನನ್ನೂ ಸಿದ್ಧಪಡಿಸಲಾಗದು, ನಿಜ. ಆದರೂ ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಜ್ವರವಿಲ್ಲ, ಮರುದಿನಕ್ಕೆ ಎಲ್ಲರೂ ಸುಧಾರಿಸಿಕೊಂಡರು ಎಂಬ ಲಕ್ಷಣಗಳು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಚಿತ್ರಕ್ಕೆ ಹೊಂದುತ್ತವೆ. ಮಣ್ಣಿನಲ್ಲಿ, ಅಕ್ಕಿಯಲ್ಲಿ ಸಹಜವಾಗಿ ಇರುವ ಇದರ ಬೀಜಕಣಗಳು ಅನ್ನ ಕುದಿದರೂ ಸಾಯುವುದಿಲ್ಲ. ಅನ್ನ ಬಿಸಿ ಇರುವಷ್ಟು ಹೊತ್ತು, ಅಂದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ಅವು ಸುಮ್ಮನಿರುತ್ತವೆ. ಚೆನ್ನಾಗಿ ತಣಿಸಿಟ್ಟರೂ ಸುಮ್ಮನಿರುತ್ತವೆ. ಈ ಎರಡರ ನಡುವಿನ ಬೆಚ್ಚನೆಯ ಅವಸ್ಥೆಯಲ್ಲಿ ಮೊಳೆತು, ಬೆಳೆದು, ವಿಷವನ್ನು ಉತ್ಪತ್ತಿ ಮಾಡುತ್ತವೆ. ಒತ್ತಿ ತುಂಬಿ ಮುಚ್ಚಿಟ್ಟ ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಉಳಿಯುವುದು ಈ ಅವಸ್ಥೆಯಲ್ಲೇ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಅಡಿಗೆಯವರ ತಪ್ಪು ಅಶುಚಿಯಲ್ಲ, ಕಾಳಜಿಯೇ ಅಲ್ಲಿ ಮುಳುವಾಯಿತು. ಅನ್ನವನ್ನು ಅಗಲವಾದ ಹರಿವಾಣದಲ್ಲಿ ಬೇಗ ಆರಿಸಿ, ಚಿಕ್ಕ ಚಿಕ್ಕ ಡಬ್ಬಿಗಳಿಗೆ ಹಾಕಿ, ಹೊತ್ತು ಏರುವ ಮೊದಲೇ ಊಟ ಮುಗಿಸಿದ್ದರೆ, ಅಥವಾ ಆ ಹೊತ್ತಿಗೆ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟಿನಂಥ ಒಣ ಪದಾರ್ಥಗಳನ್ನೇ ನೆಚ್ಚಿಕೊಂಡಿದ್ದರೆ ಸಾಕಿತ್ತು. ನೀರಿಲ್ಲದಲ್ಲಿ ರೋಗಾಣು ಬೆಳೆಯುವುದಿಲ್ಲ ಎಂಬುದನ್ನು ದೂರ ಪ್ರಯಾಣಕ್ಕೆ ಬುತ್ತಿ ಕಟ್ಟುತ್ತಿದ್ದ ನಮ್ಮ ಹಿರಿಯ ಹೆಂಗಸರು ಅನುಭವದಿಂದ ಬಲ್ಲವರಾಗಿದ್ದರು.

ಇದೇ ತರ್ಕ ಟೂರ್ ಪ್ಯಾಕೇಜುಗಳ ‘ಭಾರತೀಯ ಊಟ’ಕ್ಕೂ ಅನ್ವಯಿಸುತ್ತದೆ. ಬ್ಯಾಂಕಾಕಿನಲ್ಲೋ ಬಾಲಿಯಲ್ಲೋ ಬಫೆಯಲ್ಲಿ ಅನ್ನ, ದಾಲ್, ಪನೀರ್ ಕಂಡ ಕೂಡಲೇ ಮನೆಗೆ ಬಂದಷ್ಟು ನಿಶ್ಚಿಂತೆಯಾಗುತ್ತದೆ. ಆದರೆ ನಾಲ್ಕೈದು ಬಸ್ಸಿನ ಜನಕ್ಕೆಂದು ಒಟ್ಟಿಗೆ ಮಾಡಿ, ಉಗುರುಬೆಚ್ಚಗೆ ಇಟ್ಟಿರುವ ಪರಿಚಿತ ಊಟಕ್ಕಿಂತ ಎದುರಿಗೇ ಬಾಣಲೆಯಲ್ಲಿ ಹಬೆಯಾಡುತ್ತ ಬಂದ ಅಪರಿಚಿತ ತಿಂಡಿ ಹೆಚ್ಚು ಸುರಕ್ಷಿತ. ಸಸ್ಯಾಹಾರಿಗಳಿಗೆ ಇನ್ನೊಂದು ತೊಡಕಿದೆ: ಏನೂ ಸಿಗದಾಗ ನಾವು ಸಲಾಡ್, ಹೆಚ್ಚಿಟ್ಟ ಹಣ್ಣು, ಹಸಿ ಕೊತ್ತಂಬರಿ ಚಟ್ನಿಗಳ ಮೊರೆ ಹೋಗುತ್ತೇವೆ. ಬೆಂಕಿ ಕಾಣದ ಇವು ಬೇಯಿಸಿದ ಪದಾರ್ಥಗಳಿಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಹೆಚ್ಚಿದವರ ಕೈ, ತೊಳೆದ ನೀರು, ಹಲಗೆ ಎಲ್ಲವೂ ನಮ್ಮ ತಟ್ಟೆಗೆ ನೇರವಾಗಿ ಬರುತ್ತವೆ. ಮಂಜುಗಡ್ಡೆಯ ಬಗೆಗೂ ಅಷ್ಟೆ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ.

ಬೇಯಿಸಿದ್ದನ್ನೇ ತಿನ್ನಿ, ಕುದಿಸಿದ್ದನ್ನೇ ಕುಡಿಯಿರಿ, ಸಿಪ್ಪೆ ಸುಲಿಯುವ ಹಣ್ಣನ್ನೇ ತೆಗೆದುಕೊಳ್ಳಿ ಎಂಬ ಉಪದೇಶ ಎಲ್ಲ ಕಡೆಯೂ ಸಿಗುತ್ತದೆ. ಅದು ಸರಿಯಾದ ಉಪದೇಶವೇ. ಆದರೆ ಅದನ್ನು ಪಾಲಿಸಿದವರಿಗೂ ಪಾಲಿಸದವರಿಗೂ ಕಾಯಿಲೆಯ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಹಲವು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಇದನ್ನು ಓದಿ ಜಾಗ್ರತೆಯೇ ವ್ಯರ್ಥ ಎಂದುಕೊಳ್ಳಬಾರದು. ಏನು ತಿನ್ನುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಅಡಿಗೆಮನೆಯ ಒಳಗೆ ಕೈ ತೊಳೆಯಲು ಸಾಬೂನು ಇದೆಯೇ, ಕರೆಂಟು ಹೋದಾಗ ಫ್ರಿಜ್ಜಿನ ಪದಾರ್ಥ ಏನಾಗುತ್ತದೆ, ಅಡಿಗೆಯವನಿಗೇ ಭೇದಿಯಾದ ದಿನ ರಜೆ ಸಿಗುತ್ತದೆಯೇ ಎಂಬುದು ನಮ್ಮ ಕೈಯಲ್ಲಿಲ್ಲ. ಕಠ್ಮಂಡುವಿನಲ್ಲಿ ನೆಲೆಸಿದ ವಿದೇಶಿಯರನ್ನು ಗಮನಿಸಿದ ಸಂಶೋಧಕರಿಗೆ ಹೊಟೇಲ್ ಊಟ, ಚಿಕ್ಕ ವಯಸ್ಸು, ಊರಿಗೆ ಹೊಸಬರಾಗಿರುವುದು ಮತ್ತು ಬೇಸಿಗೆ ಏರುವ ತಿಂಗಳುಗಳು ಅಪಾಯದ ಅಂಶಗಳಾಗಿ ಕಂಡುಬಂದಿದ್ದವು.

ಈ ಕೊನೆಯ ಅಂಶ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ದಕ್ಷಿಣ ಏಷ್ಯಾದಲ್ಲಿ ಭೇದಿಯ ಹಾವಳಿ ಹೆಚ್ಚಾಗುವುದು ಮಳೆಗಾಲಕ್ಕೆ ಮುಂಚಿನ ಸುಡುಬೇಸಿಗೆಯಲ್ಲಿ. ನೇಪಾಳದಲ್ಲಿ ಸೈಕ್ಲೋಸ್ಪೋರಾ ಎಂಬ ಪರಾವಲಂಬಿ ಮೇ ತಿಂಗಳಿಂದ ತಲೆಯೆತ್ತಿ ಜೂನ್–ಜುಲೈನಲ್ಲಿ ಉಚ್ಛ್ರಾಯ ತಲುಪುತ್ತದೆ. ಕೊಯ್ಲು ಮುಗಿದು, ಮಕ್ಕಳಿಗೆ ರಜೆ ಬಂದು, ಔಷಧಿ ಹೊಡೆಯುವ ಕೆಲಸ ಶುರುವಾಗುವ ಮೊದಲು ಎಂದು ಮಲೆನಾಡಿನವರು ಆರಿಸಿಕೊಳ್ಳುವ ತಿಂಗಳುಗಳು ಇದೇ ಹೊತ್ತಿಗೆ ಬೀಳುತ್ತವೆ. ಅನುಕೂಲವಿದ್ದವರು ನೇಪಾಳ ಯಾತ್ರೆಯನ್ನು ದೀಪಾವಳಿಯ ನಂತರದ ಚಳಿಗೆ ಹಾಕಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆದರೆ ಆ ಸಮಯದಲ್ಲಿ ತೋಟ ಬಿಟ್ಟು ಹೊರಡುವುದು ಎಷ್ಟು ಕಷ್ಟವೆಂಬುದೂ ಗೊತ್ತಿದೆ.

ಇನ್ನು ಪ್ರಯಾಣಿಕನ ದೇಹದೊಳಗೇ ಇರುವ ಅಪಾಯದ ಅಂಶಗಳಲ್ಲಿ ಅತ್ಯಂತ ಕಡೆಗಣಿಸಲ್ಪಟ್ಟಿರುವುದು ನಾವು ‘ಗ್ಯಾಸ್ ಮಾತ್ರೆ’ ಎನ್ನುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳು. ಯಾವ ಯಾತ್ರಾ ತಂಡದಲ್ಲಿ ನೋಡಿದರೂ ಅರವತ್ತು ದಾಟಿದವರು ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಖಾಲಿ ಹೊಟ್ಟೆಗೆ ಇದನ್ನು ನುಂಗುತ್ತಾರೆ. ಕೆಲವರು ಯಾರೋ ಒಮ್ಮೆ ಬರೆದುಕೊಟ್ಟದ್ದನ್ನು ಹತ್ತು ವರ್ಷ ಮುಂದುವರಿಸಿರುತ್ತಾರೆ. ಜಠರದ ಆಮ್ಲವೆಂದರೆ ನಮ್ಮ ಹೆಬ್ಬಾಗಿಲ ಕಾವಲುಗಾರ. ನುಂಗಿದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಅಲ್ಲಿಯೇ ಸಾಯುತ್ತವೆ. ಆಮ್ಲವನ್ನು ತಗ್ಗಿಸಿದಾಗ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ಗಳಂಥವು ಕಡಿಮೆ ಸಂಖ್ಯೆಯಲ್ಲಿ ಹೊಕ್ಕರೂ ಕರುಳು ಮುಟ್ಟುತ್ತವೆ. (ಶಿಗೆಲ್ಲಾಕ್ಕೆ ಈ ಸಹಾಯವೂ ಬೇಡ, ಹತ್ತರಿಂದ ನೂರು ಜೀವಾಣುಗಳಷ್ಟೇ ಸಾಕು.) ಹುಣ್ಣು, ರಕ್ತಸ್ರಾವದ ಕಾರಣಕ್ಕೆ ಈ ಮಾತ್ರೆ ಬೇಕೇ ಬೇಕಾದವರು ತಾವಾಗಿ ನಿಲ್ಲಿಸಬಾರದು. ಆದರೆ ಹೊರಡುವ ಒಂದೆರಡು ತಿಂಗಳ ಮುಂಚೆ ವೈದ್ಯರ ಬಳಿ ‘ಇದು ನನಗೆ ಇನ್ನೂ ಬೇಕೇ?’ ಎಂದು ಕೇಳಲೇಬೇಕು.

ವಯಸ್ಸಾದವರಲ್ಲಿ ಭೇದಿ ಹತ್ತುವ ಸಾಧ್ಯತೆಗಿಂತ ಹತ್ತಿದ ಮೇಲಿನ ಪರಿಣಾಮ ಹೆಚ್ಚು ಕಳವಳಕಾರಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ದೇಹದ ನೀರು ಬತ್ತಿದಾಗ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಅಂಥ ದಿನಗಳಲ್ಲಿ ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ಊರಲ್ಲೇ ಬರೆಸಿಕೊಂಡು ಹೋಗುವುದು ಉಚಿತ.

ಮಲೆನಾಡಿನವರಿಗೇ ವಿಶಿಷ್ಟವಾದ ಒಂದು ನಂಬಿಕೆಯನ್ನೂ ಇಲ್ಲಿ ಪ್ರಸ್ತಾಪಿಸಬೇಕು. ಗುಡ್ಡದಿಂದ ನೀರು ಹಾಯಿಸುವ ದೋಣಿಯಲ್ಲೋ ಪೈಪಿನಲ್ಲೋ ಇಳಿದು ಬರುವ ಅಬ್ಬಿ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದು ಬೆಳೆದವರು ನಾವು. ಹರಿಯುವ ನೀರು ಶುದ್ಧ ಎಂಬ ಭಾವನೆ ಆಳವಾಗಿದೆ. ನೇಪಾಳದ ಮುಕ್ತಿನಾಥ ಕ್ಷೇತ್ರದ ಕಡೆ ಹೋದಾಗ ಹಿಮ ಕರಗಿದ ತಿಳಿನೀರ ತೊರೆಯನ್ನು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಮೇಲೆ ಕುರಿ ಮೇಯುತ್ತವೆ, ಚಾರಣಿಗರ ಬಿಡಾರಗಳಿವೆ. ಅಲ್ಲಿ ಜಿಯಾರ್ಡಿಯಾ ಎಂಬ ಪರಾವಲಂಬಿ ಇರುವುದು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿಯ ದೇವಸ್ಥಾನದ ನೂರೆಂಟು ಧಾರೆಗಳ ಕೆಳಗೆ ಮೀಯುವುದು, ಪ್ರೋಕ್ಷಣೆ ಮಾಡಿಕೊಳ್ಳುವುದು ಬೇರೆ. ಆ ನೀರನ್ನು ಕುಡಿಯುವುದು ಬೇರೆ. ಭಕ್ತಿಗೆ ಕೊರತೆಯಾಗದಂತೆ ಈ ಎರಡನ್ನು ಬೇರ್ಪಡಿಸಲು ಸಾಧ್ಯವಿದೆ. ಕ್ಲೋರಿನ್ ಗುಳಿಗೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಸೈಕ್ಲೋಸ್ಪೋರಾವನ್ನು ಕೊಲ್ಲುವುದಿಲ್ಲ. ಕುದಿಸುವುದು ಎರಡನ್ನೂ ಕೊಲ್ಲುತ್ತದೆ. ನೀರು ಕೊತಕೊತ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಸಾಕು, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ.

ಕಾಯಿಲೆ ಬಂದಾಗ ನಾವು ಮಾಡಿಕೊಳ್ಳುವ ಚಿಕಿತ್ಸೆಯೂ ಒಂದು ಅಪಾಯದ ಅಂಶವೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಹೊರಡುವ ಮುನ್ನ ಮೆಡಿಕಲ್ ಸ್ಟೋರಿನಿಂದ ‘ಲೂಸ್ ಮೋಷನ್ನಿಗೆ’ ಎಂದು ಓಫ್ಲಾಕ್ಸಸಿನ್–ಆರ್ನಿಡಜೋಲ್ ಆಂಟಿಬಯಾಟಿಕ್ ಮಾತ್ರೆಯ ಪಟ್ಟಿಯೊಂದನ್ನು ತಂದಿಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಥಾಯ್ಲೆಂಡಿನ ಕ್ಯಾಂಪಿಲೋಬ್ಯಾಕ್ಟರ್ ತಳಿಗಳಲ್ಲಿ ಬಹುಪಾಲು ಓಫ್ಲಾಕ್ಸಸಿನ್ ವರ್ಗದ ಔಷಧಿಗೆ ಮಣಿಯುವುದನ್ನು ಬಿಟ್ಟು ವರ್ಷಗಳೇ ಆದವು. ಅದಕ್ಕಿಂತ ಗಂಭೀರವಾದದ್ದು ಕರುಳಲ್ಲಿ ಕೂತು ಊರಿಗೆ ಬರುವ ಔಷಧನಿರೋಧಕ ಬ್ಯಾಕ್ಟೀರಿಯಾಗಳ ವಿಷಯ. 2017ರಲ್ಲಿ ಪ್ರಕಟವಾದ, ಸುಮಾರು 2,000 ಡಚ್ ಪ್ರಯಾಣಿಕರನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಪ್ರಯಾಣದ ಅವಧಿಯಲ್ಲಿ ಶೇ. 34ರಷ್ಟು ಜನರ ಕರುಳಿಗೆ ಅಂಥ ಬ್ಯಾಕ್ಟೀರಿಯಾ ಸೇರಿತ್ತು; ದಕ್ಷಿಣ ಏಷ್ಯಾಕ್ಕೆ ಬಂದವರಲ್ಲಿ ಈ ಪ್ರಮಾಣ ಶೇ. 75. ಪ್ರಯಾಣದಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಮತ್ತು ಭೇದಿಯಾದವರಲ್ಲಿ ಸಾಧ್ಯತೆ ಹೆಚ್ಚಿತ್ತು. ಹೀಗಾಗಿ ಸಾಧಾರಣ ಭೇದಿಗೆ ಆಂಟಿಬಯಾಟಿಕ್ ಬೇಡ. ಮಲದಲ್ಲಿ ರಕ್ತ, ಜ್ವರ, ಎದ್ದು ಕೂರಲಾಗದ ನಿಶ್ಶಕ್ತಿ ಇದ್ದರೆ ವೈದ್ಯರ ಬಳಿಗೇ ಹೋಗಬೇಕು, ಭೇದಿ ಕಟ್ಟುವ ಮಾತ್ರೆಯನ್ನೂ ಅಂಥ ಸ್ಥಿತಿಯಲ್ಲಿ ನುಂಗಬಾರದು.

ಬೇಕಾದದ್ದು ಓಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು–ಸಕ್ಕರೆಯ ಈ ದ್ರಾವಣವನ್ನು ಕುಡಿಸಿ, ಶೇ. 30ರಷ್ಟಿದ್ದ ಸಾವಿನ ಪ್ರಮಾಣವನ್ನು ಶೇ. 4ಕ್ಕಿಂತ ಕೆಳಗಿಳಿಸಿದರು. ಸೂಟ್‌ಕೇಸಿನಲ್ಲಿ ಹತ್ತು ಪೊಟ್ಟಣ ಇದ್ದರೆ ಭಾರವಾಗದು. ಪೊಟ್ಟಣದ ಮೇಲೆ 1 ಲೀಟರ್ ಎಂದಿದೆಯೋ 200 ಮಿಲಿಲೀಟರ್ ಎಂದಿದೆಯೋ ಓದಿಕೊಳ್ಳಬೇಕು, ಏಕೆಂದರೆ ಗಟ್ಟಿಯಾದರೂ ತೆಳುವಾದರೂ ಅದು ಕೆಲಸ ಮಾಡದು. ಸಿಹಿಪಾನೀಯಗಳನ್ನು ಓಆರ್‌ಎಸ್ ಎಂಬ ಹೆಸರಿನಲ್ಲಿ ಮಾರಬಾರದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ನಿರ್ದೇಶನ ನೀಡಿದೆ. ಪುಡಿಯ ಪೊಟ್ಟಣವನ್ನೇ ಕೊಳ್ಳುವುದು ಕ್ಷೇಮ. ಅದೂ ಸಿಗದಿದ್ದರೆ ಒಂದು ಲೀಟರ್ ಕುದಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿ ತಿಳಿಯೂ ಒಳ್ಳೆಯದೇ.

ಪ್ರವಾಸ ಎಂದರೆ ನಾವು ಹೋಗುವುದು ಮಾತ್ರವಲ್ಲ. ಬೇಸಿಗೆ ರಜೆಗೆ ನ್ಯೂಜೆರ್ಸಿಯಿಂದಲೋ ಲಂಡನ್ನಿನಿಂದಲೋ ತೀರ್ಥಹಳ್ಳಿಯ ಅಜ್ಜನ ಮನೆಗೆ ಬರುವ ಮೊಮ್ಮಕ್ಕಳಿಗೆ ಇದು ಪರದೇಶ. ಪ್ರಯಾಣಿಕರ ಆರೋಗ್ಯ ನೋಡಿಕೊಳ್ಳುವವರು ‘ಬಂಧುಬಳಗವನ್ನು ನೋಡಲು ಹೋಗುವವರು’ ಎಂದು ಒಂದು ಪ್ರತ್ಯೇಕ ಗುಂಪನ್ನೇ ಗುರುತಿಸುತ್ತಾರೆ, ಏಕೆಂದರೆ ಬ್ರಿಟನ್, ಅಮೆರಿಕಗಳಲ್ಲಿ ಕಾಣಿಸಿಕೊಳ್ಳುವ ವಿಷಮಶೀತ ಜ್ವರದ (ಟೈಫಾಯ್ಡ್) ಪ್ರಕರಣಗಳಲ್ಲಿ ಹೆಚ್ಚಿನವು ಇವರದೇ. ತವರಿಗೆ ಹೋಗುವುದಕ್ಕೆ ಲಸಿಕೆ ಏಕೆ ಎಂದು ತಂದೆತಾಯಿಯರು ಬಿಟ್ಟುಬಿಡುತ್ತಾರೆ; ಹೊಟೇಲಿನಲ್ಲಲ್ಲ, ಮನೆಗಳಲ್ಲಿ ತಂಗುತ್ತಾರೆ; ವಾರವಲ್ಲ, ತಿಂಗಳು ಇರುತ್ತಾರೆ. ತಾವು ಹುಟ್ಟಿ ಬೆಳೆದ ಊರಾದರೂ ಹದಿನೈದು ವರ್ಷದ ನಂತರ ಅವರ ಕರುಳಿಗೆ ಅದರ ನೆನಪಿರುವುದಿಲ್ಲ. ವಿಷಮಶೀತ ಜ್ವರಕ್ಕೂ ಹೆಪಟೈಟಿಸ್ ಎ ಕಾಮಾಲೆಗೂ ಲಸಿಕೆಗಳಿವೆ. ಕಾಮಾಲೆಯ ಮಟ್ಟಿಗೆ ನಮ್ಮ ಇಂದಿನ ಯುವಕರಿಗೂ ಅದು ಬೇಕಾದೀತು. ಬಾಲ್ಯದಲ್ಲೇ ಗೊತ್ತಾಗದಂತೆ ಸೋಂಕು ಬಂದು ಹೋಗಿ ರಕ್ಷಣೆ ಪಡೆದಿದ್ದ ಹಿಂದಿನ ತಲೆಮಾರಿಗೆ ಹೋಲಿಸಿದರೆ, ಶುಚಿಯಾದ ಮನೆಗಳಲ್ಲಿ ಬೆಳೆದ ಇವರಿಗೆ ಆ ರಕ್ಷಣೆ ಇಲ್ಲ.

ಊರಿಗೆ ಮರಳಿದ ಮೇಲೂ ಲೆಕ್ಕ ಮುಗಿದಿರುವುದಿಲ್ಲ. ಬ್ಯಾಕ್ಟೀರಿಯಾದ ಭೇದಿ ಮೂರರಿಂದ ಏಳು ದಿನಕ್ಕೆ ತಾನಾಗಿ ನಿಲ್ಲುತ್ತದೆ. ಎರಡು ವಾರ ಮೀರಿದರೆ ಪರಾವಲಂಬಿಯನ್ನು ಅನುಮಾನಿಸಬೇಕು. ಪೋಖರಾದ ದಾರಿಯಲ್ಲಿ ಚಿತ್ರಾನ್ನ ತಿಂದೂ ಏನೂ ಆಗದೆ ಉಳಿದಿದ್ದ ನಮ್ಮ ಅತ್ತಿಗೆಗೆ ಊರಿಗೆ ಬಂದ ವಾರದ ನಂತರ ದಿನಕ್ಕೆ ನಾಲ್ಕೈದು ಬಾರಿ ನೀರಾಗಿ ಹೋಗತೊಡಗಿತು; ಹಸಿವಿಲ್ಲ, ಮೆಟ್ಟಿಲು ಹತ್ತಲಾರದಷ್ಟು ಸುಸ್ತು, ಮೂರು ವಾರದಲ್ಲಿ ಐದು ಕಿಲೊ ತೂಕ ಇಳಿಯಿತು. ಎರಡು ಬಾರಿ ಮಾಡಿಸಿದ ಸಾಮಾನ್ಯ ಮಲಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಮೂರನೆಯ ಸಲ ಶಿವಮೊಗ್ಗದ ವೈದ್ಯರೊಬ್ಬರು ‘ಈಚೆಗೆ ಎಲ್ಲಿಗಾದರೂ ಹೋಗಿದ್ದಿರಾ?’ ಎಂದು ಕೇಳಿದರು. ನೇಪಾಳ ಎಂದ ಕೂಡಲೇ ಲ್ಯಾಬಿಗೆ ಚೀಟಿ ಬರೆದು ವಿಶೇಷ ಬಣ್ಣ ಹಾಕಿ ನೋಡುವಂತೆ ಹೇಳಿದರು, ಏಕೆಂದರೆ ಸೈಕ್ಲೋಸ್ಪೋರಾವನ್ನು ಹುಡುಕಬೇಕೆಂದು ಹೇಳದಿದ್ದರೆ ಅದು ಸುಲಭವಾಗಿ ಕಣ್ತಪ್ಪುತ್ತದೆ. ಅದೇ ಇತ್ತು. ಕೋಟ್ರೈಮಾಕ್ಸಜೋಲ್ ಎಂಬ ಹಳೆಯ, ಅಗ್ಗದ ಮಾತ್ರೆಯಿಂದ ವಾರದಲ್ಲಿ ಗುಣವಾಯಿತು. ಅಲ್ಲಿಯವರೆಗೆ ಮೂರು ವಾರ ನಾವೆಲ್ಲರೂ ಅವರಿಗೆ ಹೇಳುತ್ತಿದ್ದುದು, ಅಲ್ಲಿಯ ನೀರು ಒಗ್ಗಿಲ್ಲ, ಇಲ್ಲಿಯ ನೀರು ಕುಡಿಯುತ್ತ ಕುಡಿಯುತ್ತ ಸರಿಹೋಗುತ್ತದೆ ಎಂದು.